ಭುಜದಿಂದ ಮೊಣಕೈಗೆ

ಭುಜವೋ, ಮೊಣಕೈಯೋ? ಬೆರಳನ್ನು ಎಲ್ಲಿಡಬೇಕೆಂದು ಗೆರುಂಗನಿಗೆ ಗೊತ್ತಿತ್ತು. ಗೊತ್ತಿದ್ದುದೇ ಕಷ್ಟವಾಗಿತ್ತು. ಮರೆವು ಕವಿದ ಮುದುಕನಾಗಿದ್ದರೆ ಇವತ್ತು ಈ ಲಿಂಡನ್ ಮರದ ಕೆಳಗೆ ಯಾರೂ ತನ್ನನ್ನು ಸಾಕ್ಷಿಗೆ ನಿಲ್ಲಿಸುತ್ತಿರಲಿಲ್ಲ.

ವಿಲ್ಡೆನ್‌ರೋಡ್ ಸೀಮೆಯ ಒಡೆಯ ಕೌಂಟ್ ಟೀಟ್‌ಮಾರ್ ಮಕ್ಕಳಿಲ್ಲದೆ ಸತ್ತಿದ್ದ. ಉಳಿದವರು ಇಬ್ಬರು: ಚಿಕ್ಕಪ್ಪನ ಮಗ ಬುರ್ಕ್‌ಹಾರ್ಡ್, ಸೋದರತ್ತೆ ಗಿಸ್ಲಾಳ ಮಗ ಎಕ್ಕೆಹಾರ್ಡ್. ಸ್ಯಾಕ್ಸನ್ ನಾಡಿನಲ್ಲಿ ವಂಶಾವಳಿಯನ್ನು ಮೈಮೇಲೆ ಎಣಿಸುತ್ತಾರೆ. ತಲೆಯಲ್ಲಿ ಗಂಡಹೆಂಡಿರು, ಕತ್ತಿನಲ್ಲಿ ಅವರ ಮಕ್ಕಳು, ಭುಜದಲ್ಲಿ ಮೊಮ್ಮಕ್ಕಳು. ಹೀಗೆ ಉಗುರಿನ ತನಕ. ತಾಯಿ ಬೇರೆಯಾದರೆ ಒಂದು ಕೀಲು ಕೆಳಗೆ. ಸತ್ತವನ ತಂದೆ, ಬುರ್ಕ್‌ಹಾರ್ಡನ ತಂದೆ ಇಬ್ಬರೂ ಅಜ್ಜನಾದ ಹಳೆಯ ಕೌಂಟನ ಮೊದಲ ಹೆಂಡತಿಗೆ ಹುಟ್ಟಿದವರು. ಗಿಸ್ಲಾಳೂ ಅವಳ ಮಗಳೇ ಆಗಿದ್ದರೆ ಸೀಮೆ ಇಬ್ಬರಿಗೂ ಪಾಲು. ಎರಡನೆಯವಳ ಮಗಳಾಗಿದ್ದರೆ ಎಕ್ಕೆಹಾರ್ಡ್ ಮೊಣಕೈಗೆ ಇಳಿಯುತ್ತಾನೆ, ಅವನಿಗೆ ಒಂದು ಹಿಡಿ ಮಣ್ಣೂ ಇಲ್ಲ.

ಮೊದಲನೆಯವಳು ಗಿಸ್ಲಾಳನ್ನು ಹೆತ್ತೇ ಸತ್ತಿದ್ದಳು. ಆ ವರ್ಷವೇ ಬಂದ ಎರಡನೆಯವಳು ಮಗುವನ್ನು ತನ್ನದೆಂದೇ ಸಾಕಿದ್ದರಿಂದ ಊರಿಗೆ ಗೊಂದಲ. ಗೆರುಂಗನಿಗಿರಲಿಲ್ಲ. ಆ ತಬ್ಬಲಿಗೆ ಹಾಲು ಕೊಟ್ಟವಳು ಅವನ ತಾಯಿ. ಇನ್ನೊಂದು ಮೊಲೆಯಲ್ಲಿ ಇದ್ದವನು ಅವನೇ.

ಬೆಳಿಗ್ಗೆ ಬುರ್ಕ್‌ಹಾರ್ಡ್ ಹತ್ತಿರ ಬಂದಿದ್ದ.

"ಏನಜ್ಜ, ಕೈ ನಡುಗ್ತಿದೆಯಲ್ಲ? ಭುಜದ ತನಕ ಎತ್ತೋಕಾಗಲ್ಲ ಅನ್ಸತ್ತೆ."

"ವಯಸ್ಸಾಯ್ತು ದೊರೆ."

"ಎತ್ತಬೇಡ ಬಿಡು. ನಿನ್ನ ಮಗ ಫೋಲ್ಕ್‌ಮಾರ್ ನಮ್ಮ ಬುರುಜಿನ ಕಾವಲಿಗಿದಾನಲ್ಲ, ಬಂಗಾರದಂಥ ಹುಡುಗ. ಆ ಮೆಟ್ಟಿಲೊಂದು ಬಲು ಜಾರತ್ತೆ ನೋಡು. ಮೊನ್ನೆ ಒಬ್ಬ ಬಿದ್ದ, ಪಾಪ."

ಈಗ ನ್ಯಾಯಾಧಿಪತಿ ಕೇಳಿದ: "ಗಿಸ್ಲಾಳ ಮಗ ಎಲ್ಲಿ ನಿಲ್ತಾನೆ? ತೋರಿಸು."

ಗೆರುಂಗ್ ತಲೆ ಮುಟ್ಟಿಕೊಂಡ. ಕತ್ತು ಮುಟ್ಟಿಕೊಂಡ.

"ನಿಧಾನಕ್ಕೆ ಮಾಮ, ಯಾರೂ ಓಡಿಹೋಗಲ್ಲ" ಎಂದು ಎಕ್ಕೆಹಾರ್ಡ್ ನಕ್ಕ. ತಾಯಿಯ ಜೊತೆ ಹಾಲು ಕುಡಿದವನೆಂದು ಚಿಕ್ಕಂದಿನಿಂದಲೂ ಹಾಗೇ ಕರೆಯುತ್ತಿದ್ದ.

ಬೆರಳು ಭುಜಕ್ಕೆ ಬಂತು, ನಿಲ್ಲಲಿಲ್ಲ. ಮೊಣಕೈಯಲ್ಲಿ ನಿಂತಿತು.

ಎಕ್ಕೆಹಾರ್ಡನ ನಗು ಕೂಡಲೇ ಹೋಗಲಿಲ್ಲ. ಮುಖ ಅದನ್ನು ಮರೆತಂತೆ ಸ್ವಲ್ಪ ಹೊತ್ತು ಹಾಗೇ ಇತ್ತು.

ತೀರ್ಪನ್ನು ಅವನು ಒಪ್ಪಲಿಲ್ಲ. ತನ್ನ ಮನೆಯ ಹೆಬ್ಬಾಗಿಲು ಹಾಕಿಕೊಂಡು ಕೂತ. ಕೊಯ್ಲು ಮುಗಿಯುವ ಹೊತ್ತಿಗೆ ಬುರ್ಕ್‌ಹಾರ್ಡನ ಜನ ಅದನ್ನು ಮುರಿದರೆಂದು ಸುದ್ದಿ ಬಂತು.

ಮರುದಿನ ಫೋಲ್ಕ್‌ಮಾರ್ ಮನೆಗೆ ಬಂದ. ಕೈಕಾಲು ನೆಟ್ಟಗಿದ್ದವು, ಸೊಂಟಕ್ಕೆ ಹೊಸ ಚರ್ಮದ ಪಟ್ಟಿ. ಗೆರುಂಗ್ ಅವನ ಮುಂದೆ ರೈ ರೊಟ್ಟಿ, ಬಟಾಣಿ ಗಂಜಿ ಇಟ್ಟ.

"ಅಪ್ಪಾ, ಬಾಗಿಲು ಮುರಿದವರಲ್ಲಿ ನಾನೂ ಇದ್ದೆ."

"ಹೂಂ."

"ಎಕ್ಕೆಹಾರ್ಡ್ ಕತ್ತಿ ಕೆಳಗೆ ಹಾಕಿದ್ದ. ಬಿಟ್ಟುಬಿಡ್ತಿದ್ದೆ, ದೇವರಾಣೆ. ನನ್ನ ಮುಖ ನೋಡಿ, ನಿಮ್ಮಪ್ಪ ಮರದ ಕೆಳಗೆ ನಿಂತು ಸುಳ್ಳು ಹೇಳಿದ ಅಂದ. ಇಡೀ ಸೀಮೆ ನಂಬೋ ನನ್ನಪ್ಪನ್ನ! ತಡ್ಕೊಳ್ಳೋಕಾಗ್ಲಿಲ್ಲ. ಕೊಂದೇಬಿಟ್ಟೆ."

ಗೆರುಂಗ್ ರೊಟ್ಟಿ ಮುರಿಯುತ್ತಲೇ ಇದ್ದ.

"ಮಾಡಿದ್ದು ಸರಿ ತಾನೆ? ಏನಾದ್ರೂ ಹೇಳಪ್ಪ."

"ಗಂಜಿ ಆರ್ತಿದೆ, ಉಣ್ಣು."

ಆಮೇಲೆ ಗೆರುಂಗ್ ಬಹಳ ಕಾಲ ಬದುಕಲಿಲ್ಲ. ಬದುಕಿದ್ದಷ್ಟು ದಿನ ಭಾನುವಾರಗಳಲ್ಲಿ ಮಗನೇ ಮೊಣಕೈ ಹಿಡಿದು ಇಗರ್ಜಿಗೆ ನಡೆಸಿಕೊಂಡು ಹೋಗುತ್ತಿದ್ದ. ದಾರಿಯುದ್ದಕ್ಕೂ ಹವೆಯ ಮಾತು, ಹಸುವಿನ ಮಾತು.

ಎಕ್ಕೆಹಾರ್ಡ್ ಹೇಳಿದ್ದು ನಿಜವೆಂದು ಗೆರುಂಗ್ ಮಗನಿಗೆ ಎಂದೂ ಹೇಳಲಿಲ್ಲ.