ನಲ್ಲಿಯಿಂದ ಇಳಿಸಿದ ನೀರು

ನಮ್ಮಪ್ಪನಿಗೆ ಬಾಳೆಹಣ್ಣಿನ ಎಸೆನ್ಸ್ ಮಾಡಲು ಬಾಳೆಹಣ್ಣು ಬೇಕಾಗಿರಲಿಲ್ಲ, ನಾನು ಬೇಕಾಗಿದ್ದೆ. ಮನೆ ಹಿಂದಿನ ಶೆಡ್ಡಿನಲ್ಲಿ ಎಸೆನ್ಸ್ ಕುದಿಸುವ ದೊಡ್ಡ ಹಂಡೆಯನ್ನು ಚಿಕ್ಕಂದಿನಿಂದ ನೋಡಿಕೊಂಡವಳು ನಾನು. ಅಣ್ಣನ ಮದುವೆಯಾದದ್ದೇ ತಡ, ಶೆಡ್ಡು ಅವನದಾಯಿತು. ನಾನು ಬೇರೆ ಕೋಣೆ ಹಿಡಿದು, ಯಾರದೋ ಅಂಗಡಿಯಲ್ಲಿ ಸೀಸೆಗಳಿಗೆ ಚೀಟಿ ಅಂಟಿಸುತ್ತ ಕೂತೆ. ಮನೆಯಲ್ಲಿ ಜಗಳವೇನೂ ಆಗಲಿಲ್ಲ. ಜಗಳವಾಡಲಿಕ್ಕಾದರೂ ನನ್ನನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಲ್ಲ.

ಆಮೇಲೊಂದು ದಿನ ಅಪ್ಪ ನನ್ನ ಬಾಡಿಗೆ ಕೋಣೆಗೆ ಬಂದರು. ಎಷ್ಟು ಕುದಿಸಿದರೂ ಎಸೆನ್ಸ್ ಅರ್ಧಕ್ಕೇ ನಿಲ್ಲುತ್ತಿದೆ, ಹುಳಿ ವಾಸನೆ ಹೋಗುತ್ತಿಲ್ಲ, ಮಿಠಾಯಿಯವರು ಮಾಲು ವಾಪಸ್ ಕಳಿಸಿದ್ದಾರೆ ಎಂದು ಗೋಳಾಡಿಕೊಂಡರು.

"ಸರಿ ಮಾಡ್ಕೊಡಮ್ಮ. ನಾಳೆಯಿಂದ ಶೆಡ್ಡು ನಿಂದೇ."

ಈ ಒಂದು ಮಾತಿಗಾಗಿ ನಾನು ಬಾಯಿಬಿಟ್ಟುಕೊಂಡು ಕಾಯುತ್ತಿದ್ದೆ. ಮಾನಗೆಟ್ಟವಳು, ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ಹೊರಟೆ.

ಹೋಗಿ ನೋಡಿದರೆ ಅಣ್ಣ ಬಕೆಟ್ಟಿನ ನೀರನ್ನು ಆಲಿಕೆಯಿಟ್ಟು ಹಂಡೆಗೆ ಸುರಿಯುತ್ತಿದ್ದಾನೆ! ಹಂಡೆಯ ಆವಿ ತಣ್ಣಗಾಗಿ ಗಾಜಿನ ಬುರುಡೆಯಲ್ಲಿ ಸೇರುತ್ತದೆ. ಅದರ ತಳದಲ್ಲಿ ನಿಂತ ನೀರನ್ನು ಅಲ್ಲೇ ಇರುವ ನಲ್ಲಿಯಿಂದ ಇಳಿಸಿ ಚೆಲ್ಲಬೇಕು. ಆ ನೀರಿಗೂ ಬಾಳೆಹಣ್ಣಿನ ವಾಸನೆ ಇರುತ್ತದೆ. ಘಮ್ಮೆನ್ನುವುದನ್ನು ಯಾಕೆ ಮೋರಿಗೆ ಹಾಕಬೇಕು ಎಂದು ನಮ್ಮ ಜಾಣ ಅದನ್ನು ಹಂಡೆಗೇ ವಾಪಸ್ ಹಾಕುತ್ತಿದ್ದ.

"ಆಸಿಡ್ಡು, ಆಲ್ಕೋಹಾಲು ಸೇರಿದ್ರೆ ಎಸೆನ್ಸೂ ಆಗತ್ತೆ, ನೀರೂ ಆಗತ್ತೆ," ಎಂದೆ. "ನೀರು ಒಳಗೇ ಇದ್ರೆ, ಆಗಿರೋ ಎಸೆನ್ಸನ್ನ ಮತ್ತೆ ಒಡೀತಾ ಹೋಗತ್ತೆ. ಆಗೋದು, ಒಡೆಯೋದು ಸಮ ಆಯ್ತೋ, ಎಷ್ಟು ಕುದಿಸಿದ್ರೂ ಅಷ್ಟೇ. ನೀರನ್ನ ಹೊರಗೆ ಹಾಕ್ತಾ ಇರು, ಎಸೆನ್ಸ್ ಆಗೋ ಕಡೆಗೇ ಹೋಗತ್ತೆ."

ಸಂಜೆಯವರೆಗೆ ಅವನ ಪಕ್ಕದಲ್ಲೇ ನಿಂತು, ಯಾವಾಗ ನಲ್ಲಿ ತಿರುಗಿಸಬೇಕು, ಎಲ್ಲಿಗೆ ನಿಲ್ಲಿಸಬೇಕು ಎಂದು ಕೈಹಿಡಿದು ಕಲಿಸಿದೆ. ಬುರುಡೆಯಲ್ಲಿ ನೀರು ಕೂಡುವುದು ನಿಂತಿತು. ಹುಳಿ ವಾಸನೆ ಹೋಗಿ ಶೆಡ್ಡೆಲ್ಲ ಘಮಘಮಿಸಿತು. ಖುಷಿಗೆ ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ.

ಅಪ್ಪ ಮೂಗರಳಿಸಿ ನಕ್ಕರು. "ಇಷ್ಟೇನಾ! ಇಷ್ಟಕ್ಕೆ ನೀನ್ಯಾಕೆ ದಿನಾ ಒದ್ದಾಡ್ಕೊಂಡು ಬರ್ಬೇಕು? ಅವನೇ ನೋಡ್ಕೋತಾನೆ ಬಿಡು."

ಬೆಳಿಗ್ಗೆ ಕೊಟ್ಟ ಮಾತನ್ನು ನೆನಪಿಸಿದೆ. ಆಗಿನ ಗಾಬರಿಯಲ್ಲಿ ಏನೋ ಅಂದೆ, ಅದನ್ನೇ ಹಿಡಿದುಕೊಂಡು ಕೂರುತ್ತಾರಾ ಎಂದರು. ಅತ್ತಿಗೆ ಒಂದು ಸೀಸೆ ಎಸೆನ್ಸ್ ತಂದು ನನ್ನ ಕೈಗಿಟ್ಟಳು. ಮೈಯೆಲ್ಲ ಉರಿದುಹೋಯಿತು. ಸೀಸೆಯನ್ನು ಅಲ್ಲೇ ಕಟ್ಟೆಯ ಮೇಲಿಟ್ಟೆ.

"ಹೊರಗೆ ಹಾಕಿದ್ರೇನೇ ಒಳಗಿನದು ಮುಂದಕ್ಕೆ ಹೋಗೋದು ಅಂತ ನಿಮಗೆ ನಾನು ಹೇಳಿಕೊಡಬೇಕಾಗಿರಲಿಲ್ಲ ಅಪ್ಪ," ಎಂದೆ. "ನಿಮಗೆ ಮೊದಲೇ ಗೊತ್ತಿತ್ತು."

ಅಣ್ಣ ಬಕೆಟ್ಟಿನಲ್ಲಿದ್ದ ನೀರನ್ನು ಒಂದು ಹನಿ ಬಿಡದೆ ಮೋರಿಗೆ ಸುರಿದು, ಸರಿಯಾಯಿತಾ ಎಂದು ನನ್ನನ್ನೇ ಕೇಳಿದ.

ಸರಿಯಾಗಿಯೇ ಇತ್ತು.