ಸಿದ್ದಮ್ಮನ ಸೆಟ್ಟು, ನನ್ನ ಸೊನ್ನೆ

ಆಲ್ದೂರು ಬಸ್ ಸ್ಟ್ಯಾಂಡಿನಲ್ಲಿ ಇಳಿದು "ಅಜಿತ್ ಯಾರು?" ಎಂದು ಯಾರನ್ನಾದರೂ ಕೇಳಿ ನೋಡಿ. ಬೆರಳು ಸೀದಾ ಮೆಡಿಕಲ್ ಶಾಪಿನ ಕಡೆ ತಿರುಗುತ್ತದೆ. ಆ ಕೌಂಟರಿನ ಹಿಂದೆ ನಿಂತ ಫಾರ್ಮಾಸಿಸ್ಟೇ ನಾನು. ಕೆಮ್ಮಿಗೆ ಸಿರಪ್ ಕೊಡುವಾಗಲೂ "ಇದು ಔಷಧಿ ಅಲ್ಲ ಗುರು, ನಿನ್ನ ಕೆಮ್ಮಿನ ಕ್ಲೈಮ್ಯಾಕ್ಸು" ಎಂದೇ ಕೊಡುವವನು. ಮನಸ್ಸಿನ ಸಂಕಟ ಅಳೆಯುವ ಪರೀಕ್ಷೆಯಲ್ಲಿ ಇಡೀ ಜಿಲ್ಲೆಗೆ ಸೊನ್ನೆ ತೆಗೆದವನು ನಾನೊಬ್ಬನೇ. ಗಾಬರಿಯಾಗಬೇಡಿ, ಆ ಪರೀಕ್ಷೆಯಲ್ಲಿ ಸೊನ್ನೆಯೇ ಫಸ್ಟ್ ರ‍್ಯಾಂಕು.

ಪರೀಕ್ಷೆ ಮಾಡಲು ಬಂದವರು ಪಂಚಮಿ ಮೇಡಂ, ಫಾರ್ಮಸಿ ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದವರು. ಕುದುರೆಮುಖದಲ್ಲಿ ಗಣಿ ನಿಂತ ಮರುವರ್ಷ, ಕಾಫಿ ಹಣ್ಣು ಕೊಯ್ಲಿನ ಸಮಯ. ಅವತ್ತು ಭಾನುವಾರ, ಮಾಲೀಕರಾದ ಸೋಮಶೇಖರಪ್ಪನವರು ಊಟಕ್ಕೆ ಹೋಗಿದ್ದರು.

"ಯಾವುದು ಸರಿ ಅಂತ ಗೊತ್ತಿದ್ದೂ ಅದನ್ನ ಮಾಡೋಕಾಗದೆ ಹೋದಾಗ ಒಳಗೆ ಒಂದು ಸಂಕಟ ಆಗ್ತದಲ್ಲ, ಅದನ್ನ ಅಳೀತಿದ್ದೇನೆ" ಎಂದರು.

"ಥರ್ಮಾಮೀಟರ್ ಎಲ್ಲಿಡ್ತೀರಿ ಮೇಡಂ? ನಾಲಿಗೆ ಕೆಳಗೋ, ಕಂಕುಳಲ್ಲೋ?"

ಅವರು ನಗಲಿಲ್ಲ. "ಡಾಕ್ಟರ ಚೀಟಿ ಇಲ್ಲದೆ ಕೊಡಬಾರದ ಮಾತ್ರೆಯನ್ನ ಬೇರೆ ದಾರಿ ಇಲ್ಲದೆ ಕೊಟ್ಟಾಗ ಎಷ್ಟು ಸಂಕಟ ಆಗ್ತದೆ? ಸೊನ್ನೆಯಿಂದ ನಾಲ್ಕರೊಳಗೆ ಹೇಳಿ."

"ಸೊನ್ನೆ. ನನ್ನ ಕಂಡ್ರೆ ಸಂಕಟವೇ ರೂಟ್ ಬದಲಾಯಿಸ್ತದೆ ಮೇಡಂ."

ಉಳಿದ ಪ್ರಶ್ನೆಗಳಿಗೂ ಸೊನ್ನೆ ಹಾಕಿಸಿದೆ. ಅಷ್ಟರಲ್ಲಿ ಸಿದ್ದಮ್ಮ ಬಂದರು. ಪಕ್ಕದ ಎಸ್ಟೇಟಿನಲ್ಲಿ ಹಣ್ಣು ಕೊಯ್ಯುವವರು. ಎಸ್ಟೇಟಿನ ಜೀಪು ರಸ್ತೆಯಲ್ಲೇ ಹಾರ್ನ್ ಹೊಡೆಯುತ್ತಿತ್ತು.

"ನನ್ನ ಸೆಟ್ ಕೊಡು ಮಗಾ, ಬೇಗ."

ಸೆಟ್ ಎಂದರೆ ನಮ್ಮ ಕಡೆಯ ಅಂಗಡಿ ಮದ್ದು. ಒಂದು ನೋವಿನ ಮಾತ್ರೆ, ಒಂದು ಗ್ಯಾಸಿನ ಮಾತ್ರೆ, ಜೊತೆಗೆ ಒಂದು ಪುಟ್ಟ ಬಿಳಿ ಸ್ಟೆರಾಯ್ಡು. ಸ್ಟ್ರಿಪ್ಪಿನಿಂದ ಬಿಡಿಸಿ, ಹೆಸರಿಲ್ಲದ ಕಾಗದದಲ್ಲಿ ಕಟ್ಟಿ, ವಾರಕ್ಕಾಗುವಷ್ಟು ಕೊಡುತ್ತೇವೆ. ತಿಂದವರ ಮಂಡಿ ನೋವು ಮಾಯ. ಆ ಸ್ಟೆರಾಯ್ಡಿಗೆ ಸಿದ್ದಮ್ಮನ ಮುಖ ಉಬ್ಬಿ ಗುಂಡಗಾಗಿತ್ತು. ಮೈ ಹಿಡಿದಿದೆ ಎಂದು ಊರೇ ಮೆಚ್ಚುತ್ತಿತ್ತು. ನಾನಂತೂ ಅವರನ್ನು ಕಂಡ ಕೂಡಲೇ "ಹುಣ್ಣಿಮೆ ಬಂತು, ದಾರಿ ಬಿಡ್ರಪ್ಪೋ!" ಎಂದು ಕೂಗುತ್ತಿದ್ದೆ.

ಪಂಚಮಿ ಮೇಡಂ ಅವರ ಪೆನ್ನು ನಿಂತಿತು. ಆ ಮುಖ ನೋಡಿದರು, ಆಮೇಲೆ ನನ್ನ ಮುಖ ನೋಡಿದರು.

"ಎಷ್ಟು ಸಮಯದಿಂದ ತಗೋತಿದ್ದೀರಮ್ಮ?"

"ಮೂರು ಕೊಯ್ಲಾಯ್ತು ಕಣವ್ವ. ಇದಿಲ್ದಿದ್ರೆ ಬೆಳಿಗ್ಗೆ ಏಳಕ್ಕೇ ಆಗಲ್ಲ."

ಹೀರೋ ಎಂಟ್ರಿಗೆ ಇದಕ್ಕಿಂತ ಒಳ್ಳೆ ಜಾಗ ಬೇಕೇ? ಕಟ್ಟಿಟ್ಟಿದ್ದ ಅವರ ಪೊಟ್ಟಣವನ್ನು ಡ್ರಾಯರಿಗೆ ಎಸೆದು ಎದೆ ಉಬ್ಬಿಸಿದೆ. "ಈ ಕೌಂಟರ್ ದಾಟಿ ತಪ್ಪು ಮಾತ್ರೆ ಹೋಗ್ಬೇಕು ಅಂದ್ರೆ, ಮೊದ್ಲು ಈ ಅಜಿತ್‌ನ ದಾಟ್ಬೇಕು!"

ಸಿದ್ದಮ್ಮ ಗೊಳ್ಳೆಂದು ನಕ್ಕರು. "ನಿನ್ನ ಆಟ ಆಮೇಲೆ. ಕೊಡು, ಜೀಪು ಹೊರಡ್ತದೆ."

"ಕೊಡಲ್ಲ ಅಂದ್ರೆ ಕೊಡಲ್ಲ."

ಹಾರ್ನ್ ಮತ್ತೆ ಕೂಗಿತು. ಅವರ ನಗು ಆರಿತು. ಸೆರಗು ಸಿಕ್ಕಿಸಿಕೊಂಡು ಕುಂಟುತ್ತಾ ಹೋದರು. "ಇಂಥ ಧೈರ್ಯ ನಾನು ಬೇರೆ ಯಾವ ಅಂಗಡೀಲೂ ನೋಡಿಲ್ಲ" ಎಂದು ಮೇಡಂ ತಲೆ ಬಗ್ಗಿಸಿ ಬರೆಯತೊಡಗಿದರು.

ಗುರುವಾರ ಸಿದ್ದಮ್ಮನ ಮಗ ಪುಟ್ಟಸ್ವಾಮಿ ಏದುಸಿರು ಬಿಡುತ್ತಾ ಬಂದ.

"ಅವ್ವ ತೋಟದಲ್ಲೇ ಬಿದ್ಲು ಅಣ್ಣಾ. ಬರೀ ವಾಂತಿ, ಕೈಕಾಲೆಲ್ಲ ತಣ್ಣಗೆ. ಚಿಕ್ಕಮಗಳೂರಲ್ಲಿ ಸೇರ್ಸಿದೀವಿ. ದಿನಾ ಏನು ಮಾತ್ರೆ ತಗೋತಿದ್ರು, ಅಂಗಡೀಲಿ ಕೇಳ್ಕೊಂಡು ಓಡಿ ಬಾ ಅಂದ್ರು ಡಾಕ್ಟ್ರು. ಗೊತ್ತಾಗ್ದಿದ್ರೆ ಉಳಿಸೋದು ಕಷ್ಟ ಅಂತೆ."

ಕೈಯಲ್ಲಿದ್ದ ಸಿರಪ್ ಬಾಟಲಿ ಜಾರಿ ಒಡೆದು, ಕಾಲೆಲ್ಲ ಅಂಟಂಟು. ವರ್ಷಗಟ್ಟಲೆ ಸ್ಟೆರಾಯ್ಡ್ ತಿಂದ ದೇಹ ತನ್ನದೇ ಸ್ಟೆರಾಯ್ಡ್ ತಯಾರಿಸುವುದನ್ನು ನಿಲ್ಲಿಸಿಬಿಡುತ್ತದೆ. ಮಾತ್ರೆಯನ್ನು ಸ್ವಲ್ಪಸ್ವಲ್ಪವೇ ಇಳಿಸಬೇಕು. ಒಮ್ಮೆಲೇ ನಿಲ್ಲಿಸಿದರೆ ಮನುಷ್ಯ ಕುಸಿಯುತ್ತಾನೆ. ಕಾಲೇಜಿನಲ್ಲಿ ಓದಿದ್ದು. ಮರೆತುಹೋಗಿತ್ತು.

ನಾನು ಬಾಯಿ ತೆರೆಯುವ ಮೊದಲೇ ಸೋಮಶೇಖರಪ್ಪನವರು ಕೌಂಟರಿನಡಿ ನನ್ನ ಕಾಲು ತುಳಿದರು. "ಬಿ ಕಾಂಪ್ಲೆಕ್ಸು ಮಾರಾಯ, ಶಕ್ತಿ ಮಾತ್ರೆ. ಅಲ್ವೇನೋ ಅಜಿತ್?"

ಇಲ್ಲಿಂದ ಮುಂದಿನದನ್ನು ಟೀ ಅಂಗಡಿಯಲ್ಲಿ ನಾನು ಹೇಳುವುದು ಹೀಗೆ: ಕೌಂಟರ್ ಹಾರಿದೆ, ಸಾಹುಕಾರರ ಕಣ್ಣಲ್ಲಿ ಕಣ್ಣಿಟ್ಟು "ಸುಳ್ಳಿಗೆ ಬಿಲ್ ಹಾಕೋ ಕೈ ಇದಲ್ಲ" ಎಂದೆ, ಪುಟ್ಟಸ್ವಾಮಿಯನ್ನು ಬೈಕಿಗೆ ಹತ್ತಿಸಿಕೊಂಡು ಡಾಕ್ಟರ ಮುಂದೆ ನಿಂತೆ.

ನನ್ನ ಹತ್ತಿರ ಬೈಕೇ ಇಲ್ಲ.

"ಹೌದು, ಬಿ ಕಾಂಪ್ಲೆಕ್ಸು" ಎಂದೆ. ಪುಟ್ಟಸ್ವಾಮಿ ಕೈಮುಗಿದು ಬಸ್ಸಿಗೆ ಓಡಿದ. ಆ ಮುಗಿದ ಕೈ ನೋಡಿದ ಮೇಲೆ ನನಗೆ ನಿಲ್ಲಲಾಗಲಿಲ್ಲ. ಟೀಗೆ ಹೋಗುತ್ತೇನೆಂದು ಹೇಳಿ ಎಸ್‌ಟಿಡಿ ಬೂತಿಗೆ ನುಗ್ಗಿ ಆಸ್ಪತ್ರೆಗೆ ಫೋನ್ ಮಾಡಿದೆ. "ಎಸ್ಟೇಟಿನ ಸಿದ್ದಮ್ಮ ಅಂತ ಸೇರಿದ್ದಾರಲ್ಲ, ಅವರು ದಿನಾ ತಿಂತಿದ್ದದ್ದು ಸ್ಟೆರಾಯ್ಡ್. ಈ ವಾರ ಸಿಕ್ಕಿಲ್ಲ. ಮಗ ಬಂದು ಬೇರೆ ಏನು ಹೇಳಿದ್ರೂ ನಂಬ್ಬೇಡಿ. ಡಾಕ್ಟ್ರಿಗೆ ಈಗಲೇ ಹೇಳಿ."

"ಯಾರು ಮಾತಾಡೋದು?" ಎಂದರು ನರ್ಸ್.

ಫೋನ್ ಇಟ್ಟುಬಿಟ್ಟೆ.

ಸಿದ್ದಮ್ಮ ಉಳಿದರು. ಈಗ ಮಾತ್ರೆ ಇಳಿಸುವ ಡಾಕ್ಟರ ಚೀಟಿ ಹಿಡಿದು ನಮ್ಮಂಗಡಿಗೇ ಬರುತ್ತಾರೆ. "ಅವತ್ತು ನೀನು ತಮಾಷೆ ಮಾಡ್ತಿದ್ದೀಯ ಅಂದ್ಕೊಂಡೆ ಮಗಾ" ಎನ್ನುತ್ತಾರೆ. ಹುಣ್ಣಿಮೆ ಎಂದು ನಾನು ಕೂಗುವುದಿಲ್ಲ.

ಇನ್ನೊಂದು ಮಾತು. ಮರೆತುಹೋಗಿತ್ತು ಎಂದೆನಲ್ಲ, ಅದು ಸುಳ್ಳು. ಸಿದ್ದಮ್ಮ ಕುಂಟುತ್ತಾ ಜೀಪಿನ ಕಡೆ ಹೋಗುವಾಗಲೇ ಪಾಠ ಪೂರ್ತಿ ನೆನಪಾಗಿತ್ತು. ಒಂದು ಕೂಗು ಹಾಕಿದ್ದರೆ ತಿರುಗಿ ಬರುತ್ತಿದ್ದರು. ಆದರೆ ಪಂಚಮಿ ಮೇಡಂ ನನ್ನ ಧೈರ್ಯದ ಬಗ್ಗೆ ಇನ್ನೂ ಬರೆಯುತ್ತಿದ್ದರು. ಅವರು ಬರೆದು ಮುಗಿಸುವವರೆಗೆ ನಾನು ಎದೆ ಉಬ್ಬಿಸಿಕೊಂಡೇ ನಿಂತಿದ್ದೆ.