ಹೋಟೆಲಿಗೆ ಹೊಸತು, ಮನೆಗೆ ಹಳತು

ರಾಜೀವಿಗೆ ಹೇಸಿಗೆ ಹುಟ್ಟುಗುಣ. ಯಾರ ಮನೆಯಲ್ಲೇ ಆಗಲಿ, ಚಹಾ ಕೊಟ್ಟರೆ ಲೋಟದ ಬುಡ ಎತ್ತಿ ನೋಡದೆ ತುಟಿಗೆ ತಾಗಿಸುವವಳಲ್ಲ. ಲೋಕಲ್ ಟ್ರೇನಿನಲ್ಲಿ ಕಂಬಿ ಹಿಡಿಯಬೇಕಾಗಿ ಬಂದರೆ ಸೆರಗು ಸುತ್ತಿಯೇ ಹಿಡಿಯುವವಳು. ನೆಂಟರಿಷ್ಟರು ಹಿಂದಿನಿಂದ ನಗುತ್ತಿದ್ದರು, ನಗಲಿ. ಆದರೆ ಅವಳ ಹೇಸಿಗೆಗಳಲ್ಲೆಲ್ಲ ಹಿರಿಯದೊಂದಿತ್ತು, ಅದನ್ನು ಅವಳು ಹೆತ್ತ ಮಗಳಿಗೂ ಹೇಳಿರಲಿಲ್ಲ. ಅದು ಗಂಡನ ಹೋಟೆಲು.

ಗಂಡ ಕುಶಲ ಶೆಟ್ಟರದು ಮರಾಠಿ ಸೀಮೆಯ ಖಡಕಿ ಬಜಾರಿನಲ್ಲಿ ಇಡ್ಲಿ-ವಡೆಯ ಹೋಟೆಲು. ಬೆಳಗಿನ ಪಾಳಿಗೆ ಹೊರಟ ಫ್ಯಾಕ್ಟರಿಯವರು, ರಜೆಯಲ್ಲಿ ಬಂದ ಮಿಲಿಟರಿಯವರು, ಎಲ್ಲರೂ ಅಲ್ಲಿಯ ಸಾಂಬಾರಿಗೆ ಬಾಯಿ ಚಪ್ಪರಿಸುವವರೇ. ಮೂವತ್ತೊಂದು ವರ್ಷದ ಹಿಂದೆ ಕುಂದಾಪುರದ ಕಡೆಯಿಂದ ಮದುವೆಯಾಗಿ ಬಂದ ಎಂಟನೇ ದಿನ ಶೆಟ್ಟರು ಹೊಸ ಹೆಂಡತಿಯನ್ನು ಗತ್ತಿನಿಂದ ಹೋಟೆಲಿನ ಅಡುಗೆಕೋಣೆಗೆ ಕರೆದೊಯ್ದಿದ್ದರು. ಒಲೆಯ ಮೇಲೆ ಸಾಂಬಾರಿನ ಹಂಡೆ, ಹಂಡೆಯ ಮೇಲೆ ದೊಡ್ಡ ಸ್ಟೀಲಿನ ಚಿಮ್ನಿ. ಚಿಮ್ನಿಯ ಒಳಅಂಚಿನಲ್ಲಿ ಸಾಲಾಗಿ ಜೋತುಬಿದ್ದ ಕಪ್ಪು ಎಣ್ಣೆಯ ಹನಿಗಳು. ಅವಳು ನೋಡುತ್ತಿದ್ದಂತೆ ಒಂದು ಹನಿ ಉದ್ದವಾಯಿತು, ಜೊಲ್ಲಿನ ಹಾಗೆ ಇಳಿಯಿತು, ಟಪ್ಪನೆ ಸಾಂಬಾರಿಗೆ ಬಿತ್ತು. ಅಡುಗೆಯವನು ಮಾತು ನಿಲ್ಲಿಸದೆ ಸೌಟಿನಿಂದ ಒಂದು ಸುತ್ತು ತಿರುಗಿಸಿದ. ಹನಿ ಮಾಯ. ಅದೇ ಸಾಂಬಾರನ್ನು ಒಂದು ಬಟ್ಟಲಿಗೆ ಬಡಿಸಿ, "ತಕಣಿ ಅಮ್ಮ, ರುಚಿ ಕಾಣಿ" ಎಂದು ಅವಳ ಮುಂದೆ ಹಿಡಿದ.

"ನಂಗೆ ಹೊರಗಿಂದ್ ಉಂಬುಕಿಲ್ಲ, ಊರ ದೇವಿಗೆ ಹರಕೆ ಇತ್ತ್" ಎಂದುಬಿಟ್ಟಳು ರಾಜೀವಿ. ಇಪ್ಪತ್ತಮೂರರ ಹುಡುಗಿಗೆ ಆ ಹೊತ್ತಿಗೆ ಹೊಳೆದ ಸುಳ್ಳು ಅದೊಂದೇ. ಸುಳ್ಳು ಗಟ್ಟಿಯಾಗಿ ನಿಂತಿತು. ಅಂದಿನಿಂದ ಅವಳು ಆ ಹೋಟೆಲಿನ ನೀರೂ ಮುಟ್ಟಲಿಲ್ಲ. ಶೆಟ್ಟರ ಹೆಂಡತಿ ಭಾರಿ ದೈವಭಕ್ತೆ ಎಂದು ಊರೆಲ್ಲ ಹೆಸರಾಯಿತು.

ಇಷ್ಟಾದರೂ ಅವಳಿಗೆ ಒಂದು ಸಮಾಧಾನವಿತ್ತು. ದಿನವೂ ಮಧ್ಯಾಹ್ನ ಮೂರು ಗಂಟೆಗೆ ಶೆಟ್ಟರು ಗಲ್ಲಾಪೆಟ್ಟಿಗೆ ಬಿಟ್ಟು, ಎರಡು ಮಹಡಿ ಹತ್ತಿ, ಊಟಕ್ಕೆ ಮನೆಗೇ ಬರುತ್ತಿದ್ದರು. ಮಳೆಯಿರಲಿ, ಬಿಸಿಲಿರಲಿ, ಜ್ವರವೇ ಇರಲಿ. "ಅಷ್ಟು ದೊಡ್ಡ ಹೋಟೆಲು ಇಟ್ಟುಕೊಂಡು ಹೆಂಡತಿಯ ಕೈಯ ಊಟವೇ ಬೇಕು ನೋಡಿ" ಎಂದು ಎದುರುಮನೆಯ ಭಾಮಾ ಹೊಟ್ಟೆ ಉರಿಸಿಕೊಳ್ಳುವಾಗ ರಾಜೀವಿಯ ಮನಸ್ಸಿಗೆ, ಬಂಗುಡೆ ಮೀನಿಗೆ ಇನ್ನೊಂದು ಚಿಟಿಕೆ ಉಪ್ಪು ಬಿದ್ದಂತೆ, ರುಚಿ ಹತ್ತುತ್ತಿತ್ತು.

ಹೋಟೆಲಿನವರ ಮನೆಗಳಲ್ಲಿ ಒಂದು ಕ್ರಮವುಂಟು: ಹೋಟೆಲಿಗೆ ಹೊಸತು, ಮನೆಗೆ ಹಳತು. ಗಿರಾಕಿಯ ಎದುರು ಇಡಲಾಗದ್ದೆಲ್ಲ ಮನೆಗೆ ಬರುತ್ತದೆ. ಅಂಚು ಮಡಚಿದ ತಟ್ಟೆ, ಕುಂಟುವ ಮೇಜು, ಕಿರುಗುಟ್ಟುವ ಫ್ಯಾನು, ಒಮ್ಮೆಯಂತೂ 'ಕೈ ಇಲ್ಲಿ ತೊಳೆಯಿರಿ' ಎಂದು ಮರಾಠಿಯಲ್ಲಿ ಬರೆದ ಬೇಸಿನ್ನೇ ಬಂದಿತ್ತು. ಒಂದೊಂದನ್ನೂ ರಾಜೀವಿ ಮೂಗು ಮುಚ್ಚಿಕೊಂಡು ಹುಣಿಸೆಹುಳಿ ಹಚ್ಚಿ, ಕುದಿನೀರು ಸುರಿದು, ಮೂರು ಮೂರು ಸಲ ತೊಳೆದು ಒಳಗೆ ಸೇರಿಸಿಕೊಂಡಿದ್ದಳು. ಆದರೆ ಅಡುಗೆಮನೆಯ ಹೊಸ್ತಿಲು ದಾಟಲು ಒಂದು ಚಮಚವನ್ನೂ ಬಿಟ್ಟಿರಲಿಲ್ಲ. ಆ ಇಡೀ ಊರಿನಲ್ಲಿ ಅವಳು ಕಣ್ಣುಮುಚ್ಚಿ ತುತ್ತು ಬಾಯಿಗಿಡುವ ಜಾಗ ಅದೊಂದೇ.

ಹಾಗಾಗಿ ಅಡುಗೆಕಟ್ಟೆಯ ಕಲ್ಲು ಬಿರುಕುಬಿಟ್ಟು, ಎಲ್ಲ ಕಿತ್ತು ಹೊಸದಾಗಿ ಕಟ್ಟಿಸುವ ಮಾತು ಬಂದಾಗ ಅವಳು ಮೊದಲೇ ಹೇಳಿದಳು:

"ಹ್ವಾಯ್, ಒಂದ್ ಮಾತ್ ಕೇಣಿ. ಹೋಟ್ಲಿಂದ್ ಒಂದ್ ಮೊಳಿ ಸಹ ಈ ಅಡ್ಗಿ ಒಳ್ಗೆ ಬಪ್ಪುಕಾಗ."

"ಆಯ್ತ್ ಮರಾಯ್ತಿ. ಎಲ್ಲ ನಿಂದೇ" ಎಂದರು ಶೆಟ್ಟರು, ಪೇಪರಿನಿಂದ ತಲೆ ಎತ್ತದೆ.

ಮಗಳು ಯಶ್ಮಿತಾ ಹಿಂಜವಡಿಯ ಕಂಪನಿಯೊಂದರಲ್ಲಿ ಕೆಲಸದವಳು. ವಾರಕ್ಕೆ ಮೂರು ದಿನ ಮನೆಯಲ್ಲೇ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತಿರುತ್ತಿದ್ದಳು. ನಕ್ಷೆ ಅವಳೇ ಬಿಡಿಸಿದಳು. ಅಮ್ಮನನ್ನು ಗೋಡೆಗೆ ನಿಲ್ಲಿಸಿ ಮೊಣಕೈಯ ಎತ್ತರಕ್ಕೆ ಪೆನ್ಸಿಲಿನಲ್ಲಿ ಅಡುಗೆಕಟ್ಟೆಯ ಗೆರೆ ಎಳೆದು, "ಅಮ್ಮ, ನಿನ್ನ ಓಟಾ ಇಷ್ಟೇ ಹೈಟ್‌ಗೆ ಬೇಕು, ಇಲ್ಲಾಂದ್ರೆ ಮತ್ತೆ ಭುಜ ನೋವು ಅಂತೀಯ" ಎಂದಳು. ಮೀನು ಹೆಚ್ಚಲು, ಕಾಯಿ ತುರಿಯಲು ಮೆಟ್ಟುಕತ್ತಿಯ ಮೇಲೆ ಕೂರುವುದಕ್ಕೆ ನಲ್ಲಿಯಿರುವ ತಗ್ಗು ಮೂಲೆ. ರುಬ್ಬುವ ಯಂತ್ರಕ್ಕೊಂದು ಗೂಡು. ಕೊಳೆ ಕೂತರೆ ದೂರದಿಂದಲೇ ಕಾಣುವಂಥ ಬಿಳಿ ಟೈಲ್ಸು. ಎಲ್ಲಕ್ಕಿಂತ ಮೇಲಾಗಿ ಒಲೆಯ ಮೇಲೊಂದು ಹೊಸ ಚಿಮ್ನಿ, ಬಿಚ್ಚಿ ತೊಳೆಯಲು ಬರುವಂಥದ್ದು. ಅದರ ಚಿತ್ರವನ್ನು ರಾಜೀವಿ ಮೊಬೈಲಿನಲ್ಲಿ ದಿನಕ್ಕೆ ನಾಲ್ಕು ಸಲ ತೆಗೆದು ನೋಡುತ್ತಿದ್ದಳು.

ಕೆಲಸ ಹಿಡಿದವನು ಮಧುಕರ. ಹೋಟೆಲಿನ ಸ್ಟೀಲಿನ ಕೆಲಸವನ್ನೂ ಇಪ್ಪತ್ತು ವರ್ಷದಿಂದ ಅವನೇ ಮಾಡುತ್ತಿದ್ದ. ಹಳೆಯ ಕಪಾಟುಗಳನ್ನು ಅವನು ಗೋಡೆಯಿಂದ ಕಿತ್ತ ದಿನ ರಾಜೀವಿಯ ಮಾನ ಹೋಯಿತು. ಹಲಗೆಯ ಹಿಂದೆ ಜಿರಳೆಗಳು ಒಂದರ ಮೇಲೊಂದು ಮೆತ್ತಿಕೊಂಡಿದ್ದವು. ಬೆಳಕು ಬಿದ್ದದ್ದೇ ತಡ, ಮಳೆ ಸುರಿದ ಹಾಗೆ ಸರಸರ ನೆಲಕ್ಕಿಳಿದವು. ಅವುಗಳ ಮೊಟ್ಟೆಯ ಚೀಲಗಳು, ಇಲಿಯ ಹಿಕ್ಕೆ, ಯಾವ ಕಾಲದ್ದೋ ಒಣಗಿ ಸೆಟೆದ ಹಲ್ಲಿ, ಎಲ್ಲಕ್ಕೂ ಮೇಲೆ ಹಳದಿ ಗೋಂದಿನಂಥ ಜಿಡ್ಡು. ಥೂ! ಊರವರ ಲೋಟದ ಬುಡ ನೋಡುವ ತಾನು ತನ್ನದೇ ಗೋಡೆಯ ಹಿಂದೆ ಇಷ್ಟನ್ನು ಸಾಕಿಕೊಂಡಿದ್ದೆನಲ್ಲ ಎಂದುಕೊಂಡಳು. ಬಚ್ಚಲಿಗೆ ಹೋಗಿ ಕಾರಿ ಬಂದಳು. ಆಮೇಲೆ ಸೆರಗು ಬಿಗಿದು, ಆಳುಗಳಿಗೆ ಬಿಡದೆ, ಆ ಗೋಡೆಯನ್ನು ತಾನೇ ಎರಡು ದಿನ ಕೆರೆದಳು.

ಮೂರು ವಾರ ಬಾಲ್ಕನಿಯಲ್ಲಿ ಒಂದೊಲೆ ಇಟ್ಟುಕೊಂಡು ಅಡುಗೆ. ಸಿಮೆಂಟಿನ ಧೂಳಿನ ನಡುವೆ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ, ಹೆಚ್ಚೆಂದರೆ ಸುಟ್ಟ ಒಣಮೀನು. ಆಗಲೂ ಶೆಟ್ಟರು ಮೂರು ಗಂಟೆಗೆ ತಪ್ಪದೆ ಬಂದರು, ಬಕೆಟ್ಟು ಮಗುಚಿ ಹಾಕಿಕೊಂಡು ಕೂತು ಗಂಜಿ ಸುರಿದುಕೊಂಡರು. ಹೋಟೆಲಿನ ಹದಿನಾರು ಬಗೆ ಬಿಟ್ಟು ಈ ಮನುಷ್ಯ ನನ್ನ ಗಂಜಿಗೆ ಬರುತ್ತಾನಲ್ಲ ಎಂದು ಒಂದು ಮಧ್ಯಾಹ್ನ ರಾಜೀವಿಗೆ ಕಣ್ಣು ತುಂಬಿತು. ಧೂಳು ಬಿತ್ತು ಎಂದು ಒರೆಸಿಕೊಂಡಳು.

ಕೊನೆಗೆ ಚಿಮ್ನಿ ಕೂರಿಸುವ ಕೆಲಸ ಉಳಿಯಿತು. ಅಂದು ಸೋಮವಾರ, ಹೋಟೆಲಿಗೆ ರಜೆ. "ನೀ ಒಂದ್ ದಿನ ಇಂದೂನ ಮನಿಗ್ ಹೋಗ್ ಬಾ, ಧೂಳ್ ಕುಡ್ದ್ ಕುಡ್ದ್ ಸಾಕಾಯ್ತ್ ನಿಂಗೆ" ಎಂದು ಶೆಟ್ಟರೇ ಅಕ್ಕರೆಯಿಂದ ಅವಳನ್ನು ಲೋಣಾವಳಾದ ತಂಗಿಯ ಮನೆಗೆ ಟ್ರೇನು ಹತ್ತಿಸಿದರು. ಮಂಗಳವಾರ ಸಂಜೆ ಅವಳು ತಿರುಗಿ ಬಂದಾಗ ಅಡುಗೆಮನೆ ಫಳಫಳ ಹೊಳೆಯುತ್ತಿತ್ತು. ಬಿಳಿ ಗೋಡೆ, ಕರಿಕಲ್ಲಿನ ಕಟ್ಟೆ, ಅವಳ ಮೊಣಕೈಗೆ ಸರಿಯಾಗಿ. ಒಲೆಯ ಮೇಲೆ ಕನ್ನಡಿಯಂಥ ಸ್ಟೀಲಿನ ಚಿಮ್ನಿ. ಮೊಬೈಲಿನಲ್ಲಿ ಕಂಡದ್ದಕ್ಕಿಂತ ಇದು ತುಸು ದೊಡ್ಡದು ಅನ್ನಿಸಿತು, ಇರಲಿ ಅಂದುಕೊಂಡಳು. "ವಹಿನಿ, ಫಸ್ಟ್ ಕ್ಲಾಸ್ ಝಾಲಂ!" ಎಂದು ಅವಳನ್ನು ಅತ್ತಿಗೆಯೆಂದೇ ಕರೆಯುವ ಮಧುಕರ ಹಲ್ಲು ಕಿರಿದ, ಆದರೆ ಅವಳ ಮುಖ ನೋಡದೆ ಚೀಲ ಹೆಗಲಿಗೇರಿಸಿ ಬೇಗ ಬೇಗ ಮೆಟ್ಟಿಲಿಳಿದ.

ಬುಧವಾರ ಬೆಳಿಗ್ಗೆ ಹಾಲು ಉಕ್ಕಿಸುವುದೆಂದಾಯಿತು. ಶೆಟ್ಟರು ಹೋಟೆಲಿಗೆ ತಡವಾಗಿ ಹೋಗುವೆನೆಂದು ಬಿಳಿ ಪಂಚೆಯುಟ್ಟು ನಿಂತರು. ಯಶ್ಮಿತಾ ವಿಡಿಯೋ ಮಾಡಲು ಮೊಬೈಲು ಹಿಡಿದಳು. ರಾಜೀವಿ ಒಲೆಗೆ ಕುಂಕುಮವಿಟ್ಟು, ಹೊಸ ಪಾತ್ರೆಯಲ್ಲಿ ಹಾಲಿಟ್ಟು, ಬೆಂಕಿ ಹಚ್ಚಿದಳು. ಹಾಲು ಬಿಸಿಯಾಯಿತು. ಮೇಲಿನ ಸ್ಟೀಲೂ ಬಿಸಿಯಾಯಿತು.

ಮೊದಲು ಬಂದದ್ದು ವಾಸನೆ. ಹಳೆಯ ಎಣ್ಣೆ, ಸುಟ್ಟ ಈರುಳ್ಳಿ, ಕಮಟು. ಅದು ಅವಳಿಗೆ ಹೊಸದಲ್ಲ. ಮೂವತ್ತೊಂದು ವರ್ಷ ಗಂಡನ ಅಂಗಿಗಳನ್ನು ಬೇರೆ ಬಕೆಟ್ಟಿನಲ್ಲಿ ನೆನೆಸಿದ್ದು ಇದೇ ವಾಸನೆಗೆ. ತಲೆ ಎತ್ತಿ ನೋಡಿದಳು. ಚಿಮ್ನಿಯ ಒಳಗಿನ ಅಂಚಿನಿಂದ ಕಪ್ಪು ಹನಿಯೊಂದು ಉದ್ದವಾಗುತ್ತ, ಉದ್ದವಾಗುತ್ತ ಬಂದು, ಉಕ್ಕಲು ಎದ್ದ ಬೆಳ್ಳಗಿನ ಹಾಲಿನ ನಟ್ಟನಡುವೆ ಟಪ್ಪನೆ ಬಿತ್ತು.

"ಈಈ!" ಎಂದಳು ಯಶ್ಮಿತಾ.

ರಾಜೀವಿ ಒಲೆ ಆರಿಸುವಷ್ಟರಲ್ಲಿ ಶೆಟ್ಟರು ಕೈಚಾಚಿ ಸೌಟು ತೆಗೆದುಕೊಂಡು ಹಾಲನ್ನು ಒಂದು ಸುತ್ತು ತಿರುಗಿಸಿಯೇಬಿಟ್ಟರು. ಅದೇ ಮಣಿಕಟ್ಟಿನ ತಿರುವು. ಹನಿ ಮಾಯ. "ಎಂತದೂ ಆಯ್ಲಿಲ್ಲ, ಹೋಯ್ತ್ ಕಾಣ್" ಎಂದರು.

ಹೆಂಡತಿ ಕುರ್ಚಿ ಹತ್ತಿ ಚಿಮ್ನಿಯೊಳಗೆ ಬೆರಳು ಹಾಕಿದಳು. ಬೆರಳು ಗೆಣ್ಣಿನವರೆಗೆ ಹೂತುಹೋಯಿತು. ಹೊರಗೆ ಥಳುಕು, ಒಳಗೆ ಹುಳುಕು. ಹೊರಮೈಗೆ ಯಂತ್ರ ಹಿಡಿದು ಪಾಲಿಶು, ಒಳಗೆ ಮೂವತ್ತು ವರ್ಷದ ಮೇಣ, ಆ ಮೇಣದಲ್ಲಿ ಸಿಕ್ಕ ನೊಣದ ರೆಕ್ಕೆಗಳು. ದೊಡ್ಡದನ್ನು ಕೊಯ್ದು ಸಣ್ಣದು ಮಾಡಿದ ಬೆಸುಗೆಯ ಗೆರೆಯೂ ಕೈಗೆ ಸಿಕ್ಕಿತು.

"ಹ್ವಾಯ್, ಹೊಸ್ತ್ ಎಲ್ಲಿ?"

"ಹೊಸ್ತ್ ಹೋಟ್ಲಿಗ್ ಹಾಕ್ದೆ. ನೀ ಕಂಡದ್ರ ಬದ್ಲಿಗೆ ಅಲ್ಲಿಗ್ ದೊಡ್ಡದ್ ತರ್ಸ್ದೆ" ಎಂದರು ಶೆಟ್ಟರು, ಅದರಲ್ಲೇನು ಎಂಬಂತೆ. "ಇದ್ ಕಾಣ್, ಎಂಥ ದಪ್ಪ ಸ್ಟೀಲ್! ಈಗ್ ಇಂಥದ್ ಎಲ್ಲಿ ಸಿಕ್ಕತ್ತ್? ಗುಜರಿಗ್ ಹಾಕುಕೆ ಮನಸ್ ಬರ್ಲಿಲ್ಲ."

"ಹಂಗಾರೆ ಈ ಹಾಲ್ ನೀವೇ ಮೊದ್ಲ್ ಕುಡ್ದ್ ಕಾಣಿ."

ಶೆಟ್ಟರು ಪಾತ್ರೆಯನ್ನು ನೋಡಿದರು, ಕುಡಿಯಲಿಲ್ಲ.

ಆಗ ರಾಜೀವಿ ಕುರ್ಚಿಯ ಮೇಲೆ ನಿಂತೇ ಎಲ್ಲ ಹೇಳಿದಳು. ಎಂಟನೇ ದಿನದ ಸಾಂಬಾರು, ಆ ಹನಿ, ಆ ಸೌಟು. ಹರಕೆಯೂ ಇಲ್ಲ, ದೇವಿಯೂ ಇಲ್ಲ. "ನಂಗೆ ಹೇಸ್ಗಿ ಆತಿತ್ತ್. ನಿಮ್ಮ ಹೋಟ್ಲ್ ಕಂಡ್ರೆ ನಂಗೆ ಹೇಸ್ಗಿ. ಅದ್ನ ತಂದ್ ನನ್ನ ಒಲಿ ಮೇಲೆ ಕಟ್ಟಿದ್ರಿಯಲ್ಲ!" ಎಂದಳು. ಕಪ್ಪಾದ ಬೆರಳನ್ನು ದೂರ ಹಿಡಿದುಕೊಂಡೇ ಇದ್ದಳು, ತನ್ನದೇ ಅಲ್ಲವೆಂಬ ಹಾಗೆ.

ಶೆಟ್ಟರಿಗೆ ಮುಖಭಂಗವಾಯಿತು. ಮಗಳ ಮುಂದೆ ಬೇರೆ. ಮುಖಭಂಗವಾದ ಗಂಡಸಿಗೆ ಬಾಯಿಯ ಮೇಲೆ ಹಿಡಿತವಿರುವುದಿಲ್ಲ.

"ನೀ ಒಬ್ಳೇಯಾ ಶುದ್ಧ ಇಪ್ಪುದ್?" ಎಂದು ಏರಿಬಂದರು. "ನಂಗೇನ್ ಗೊತ್ತಿಲ್ದಾ? ನಾನೇ ಅಲ್ಲಿ ಒಂದ್ ತುತ್ತ್ ಉಂಬುದಿಲ್ಲ! ಮತ್ತೆಂತಕೆ ದಿನಾ ಮೂರ್ ಗಂಟಿಗೆ ಮೆಟ್ಲ್ ಹತ್ತಿ ಇಲ್ಲಿಗ್ ಬಪ್ಪುದ್? ಯಾವ ಹೋಟ್ಲಿನವ ತನ್ನ ಹೋಟ್ಲಿನ ಅನ್ನ ತಿಂತ, ಹೇಳ್ ಕಾಂಬ!"

"ಅಪ್ಪಯ್ಯಾ!" ಯಶ್ಮಿತಾ ಮೊಬೈಲು ಕೆಳಗಿಳಿಸಿದಳು. "ನನ್ನ ಆಫೀಸ್‌ನವರನ್ನೆಲ್ಲ ಅಲ್ಲಿಗೇ ಕರ್ಕೊಂಡು ಹೋಗ್ತೀನಲ್ಲ ನಾನು. ನೀವೇ ಎದುರು ನಿಂತು ಬಡಿಸ್ತೀರಲ್ಲ!"

ಶೆಟ್ಟರು ಕೈಯಲ್ಲಿದ್ದ ಸೌಟನ್ನು ಕಟ್ಟೆಯ ಮೇಲಿಟ್ಟರು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎನ್ನುತ್ತಾರೆ. ಇಲ್ಲಿ ಬದನೆಕಾಯಿಯೂ ಊರವರ ಬಾಯಿಗೇ ಹೋಗಿತ್ತು.

ರಾಜೀವಿ ಮೆಲ್ಲಗೆ ಕುರ್ಚಿಯಿಂದಿಳಿದಳು. ಚಿಮ್ನಿಯ ಹೇಸಿಗೆ ಒಂದು ತೂಕವಾದರೆ ಇದು ಇನ್ನೊಂದು ತೂಕ. ಮೂವತ್ತೊಂದು ವರ್ಷದ ಮೂರು ಗಂಟೆಗಳು. ಬಕೆಟ್ಟಿನ ಮೇಲೆ ಕೂತು ಕುಡಿದ ಗಂಜಿ. ಅದಕ್ಕೆ ತಾನು ಸುರಿಸಿದ ಕಣ್ಣೀರು ನೆನಪಾಗಿ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಈ ಮನುಷ್ಯ ಬರುತ್ತಿದ್ದದ್ದು ಅವಳ ಕೈರುಚಿಗಲ್ಲ. ತನ್ನ ಕೊಳೆಯಿಂದ ತಾನು ತಪ್ಪಿಸಿಕೊಳ್ಳಲು ಬರುತ್ತಿದ್ದ, ಆ ಕೊಳೆಯನ್ನು ಊರಿಗೆಲ್ಲ ನಗುನಗುತ್ತ ಬಡಿಸಿ. ಹಾಲನ್ನು ಮೋರಿಗೆ ಸುರಿದು ಕೈ ತೊಳೆದುಕೊಂಡಳು. ಎಷ್ಟು ತೊಳೆದರೂ ಬೆರಳಿನ ವಾಸನೆ ಹೋಗಲಿಲ್ಲ.

ಗುರುವಾರ ಬೆಳಿಗ್ಗೆ, ಶೆಟ್ಟರು ಹೋಟೆಲಿಗೆ ಹೋದ ಮೇಲೆ, ಮಧುಕರನನ್ನು ಕರೆಸಿ ಚಿಮ್ನಿ ಬಿಚ್ಚಿಸಿ ಮೆಟ್ಟಿಲ ಕೆಳಗೆ ಇಡಿಸಿದಳು. ಒಲೆ ಹಚ್ಚಲಿಲ್ಲ. ಎರಡೂಕಾಲಿಗೆ ಯಶ್ಮಿತಾಳ ಮೊಬೈಲಿನಿಂದ ಒಂದು ಊಟ ಆರ್ಡರ್ ಮಾಡಿಸಿದಳು, ವಿಳಾಸಕ್ಕೆ ಎದುರುಮನೆಯ ಭಾಮಾಳ ಹೆಸರು ಹಾಕಿಸಿ.

ಮೂರು ಗಂಟೆಗೆ ಶೆಟ್ಟರು ಬಂದರು. ನಿನ್ನೆಯದು ನಿನ್ನೆಗೇ ಮುಗಿಯಿತು ಎಂಬ ಮುಖ ಹೊತ್ತು, ಕೈಕಾಲು ತೊಳೆದು ಮೇಜಿನೆದುರು ಕೂತರು. ಎದುರಿಗೆ ಒಂದೇ ತಟ್ಟೆ, ತಟ್ಟೆಯ ಪಕ್ಕ ಒಂದು ಪೊಟ್ಟಣ. ಪೊಟ್ಟಣದ ಬಾಯಿಗೆ ಎರಡು ಪಿನ್ನು, ಅಡ್ಡಡ್ಡ. ಹಾಗೆ ಅಡ್ಡಡ್ಡ ಪಿನ್ನು ಹೊಡೆಯುವವರು ಇಡೀ ಖಡಕಿಯಲ್ಲಿ ಅವರೊಬ್ಬರೇ. ಅರ್ಧಗಂಟೆಯ ಹಿಂದೆ ಗಲ್ಲಾದಲ್ಲಿ ಕೂತು ಅವರೇ ಹೊಡೆದದ್ದು.

ರಾಜೀವಿ ಪೊಟ್ಟಣ ಬಿಚ್ಚಿ ಅನ್ನ ಬಡಿಸಿದಳು, ಬಟ್ಟಲಿಗೆ ಸಾಂಬಾರು ಸುರಿದಳು. ಎದುರಿನ ಕುರ್ಚಿ ಎಳೆದು ಕೂತಳು.

"ಚಿಮ್ನಿ ಹೊಸ್ತಲ್ದಾ ಅಲ್ಲಿ? ಇನ್ನೆಂತ ಹೆದ್ರಿಕಿ. ಉಣ್ಣಿ."

ಶೆಟ್ಟರು ಹೆಂಡತಿಯನ್ನು ನೋಡಿದರು. ಅವಳ ಹಿಂದೆ ಹೊಸ ಅಡುಗೆಮನೆ ಬೆಳ್ಳಗೆ ಹೊಳೆಯುತ್ತಿತ್ತು, ಒಲೆಯ ಮೇಲೆ ಚಿಮ್ನಿ ಇದ್ದಲ್ಲಿ ನಾಲ್ಕು ತೂತುಗಳು.

"ಈ ಬಟ್ಲಿಗೆ ಬೆರಳ್ ಹಾಕಿ ಹುಡ್ಕದೆ ನೀವ್ ಯಾವತ್ ಉಂತ್ರಿ, ಅವತ್ ನಾನ್ ಈ ಒಲಿ ಹಚ್ತೆ" ಎಂದಳು ರಾಜೀವಿ.

ಶೆಟ್ಟರು ಬಟ್ಟಲನ್ನು ಹತ್ತಿರ ಎಳೆದುಕೊಂಡರು. ಬಗ್ಗಿ ನೋಡಿದರು. ತೋರುಬೆರಳು ತಾನಾಗಿಯೇ ಇಳಿಯಿತು, ಕರಿಬೇವಿನ ಎಲೆಯನ್ನು ಪಕ್ಕಕ್ಕೆ ಸರಿಸಿತು, ಟೊಮೆಟೊ ಹೋಳನ್ನು ಮಗುಚಿತು, ಬಟ್ಟಲಿನ ತಳದವರೆಗೆ ಒಂದು ಸುತ್ತು ಹೋಗಿ ಬಂತು. ಅಲ್ಲಿ ಏನೂ ಇರಲಿಲ್ಲ. ಶೆಟ್ಟರು ಆ ಬೆರಳನ್ನು ಬಾಯಿಗಿಡಲಿಲ್ಲ, ಪೊಟ್ಟಣದ ಕಾಗದಕ್ಕೆ ಒರೆಸಿಕೊಂಡರು.